ಸುದ್ದಿ ಇಟ್ಟುಕೊಂಡ ಕಚೇರಿ

ಸಾವಳಗಿಯ ಗಿರಮಲ್ಲಪ್ಪನ ಜೀವವಿಮೆ ಕಂತು ಕಟ್ಟದ ಕಾರಣಕ್ಕೆ ರದ್ದಾಯಿತು. ರದ್ದಾಗುತ್ತದೆ ಎಂದು ವಿಮಾ ಕಂಪನಿ ಮೇಲಿಂದ ಮೇಲೆ ಸಂದೇಶ ಕಳಿಸಿತ್ತು. ಆ ಸಂದೇಶಗಳು ಹೋದದ್ದು ಗಿರಮಲ್ಲಪ್ಪನ ಫೋನಿಗಲ್ಲ, ಜಮಖಂಡಿಯ ಒಂದು ಕಚೇರಿಯಲ್ಲಿ ಮೇಜಿನ ಖಾನೆಯೊಳಗೆ ಬಿದ್ದಿದ್ದ ಫೋನಿಗೆ. ಕಚೇರಿಯವರು ಅವನಿಗೆ ಹೇಳಲಿಲ್ಲ. ಎರಡು ತಿಂಗಳ ಮೇಲೆ, ಬೀಳಗಿ ಹಾದಿಯಲ್ಲಿ ಕುರಿ ದಾಟಿಸುತ್ತಿದ್ದಾಗ ಕಬ್ಬಿನ ಟ್ರ್ಯಾಕ್ಟರ್ ಹಾಯ್ದು ಅವನು ತೀರಿಕೊಂಡ. ಹೆಂಡತಿ ಪದ್ಮವ್ವನಿಗೆ ವಿಮೆಯ ದುಡ್ಡು ಬರಲಿಲ್ಲ.

ಆ ಕಚೇರಿಯ ಬೋರ್ಡಿನ ಮೇಲೆ ‘ನಿಮ್ಮ ನಾಳೆಗೆ ನಮ್ಮ ಯೋಜನೆ’ ಎಂದು ಬರೆದಿದೆ. ಬೋರ್ಡು ಇವತ್ತಿಗೂ ಇದೆ, ಸಂಜೆಯಾದರೆ ಅದರ ಹಿಂದೆ ದೀಪ ಹತ್ತುತ್ತದೆ. ವಿಮೆ, ಮ್ಯೂಚುವಲ್ ಫಂಡ್, ಪಿಂಚಣಿ, ಮಗಳ ಮದುವೆಯ ಉಳಿತಾಯ, ಎಲ್ಲದಕ್ಕೂ ಅಲ್ಲಿ ಸಲಹೆ ಸಿಗುತ್ತದೆ. ಗಿರಮಲ್ಲಪ್ಪನಿಗೆ ಸಲಹೆ ಕೊಟ್ಟವಳು ಪ್ರತಿಮಾ, ನಗರಸಭೆಯಲ್ಲಿ ಜವಾನನಾಗಿದ್ದು ನಿವೃತ್ತನಾದ ಶಿವಾಜಿಯ ಹಿರಿಯ ಮಗಳು. ಅವಳ ಪಗಾರದ ಮೇಲೆ ಮನೆ ನಡೆಯುತ್ತದೆ, ತಂಗಿ ಕಾವೇರಿಯ ನರ್ಸಿಂಗ್ ಓದು ನಡೆಯುತ್ತದೆ. ಅವರ ಓಣಿಯಿಂದ ಗಾಜಿನ ಬಾಗಿಲಿನ ಕಚೇರಿಯೊಳಗೆ ಹೋಗಿ ಖುರ್ಚಿಯ ಮೇಲೆ ಕೂತ ಮೊದಲ ಹುಡುಗಿ ಅವಳು.

ಗಿರಮಲ್ಲಪ್ಪನದು ಬೀರೇಶ್ವರನ ಒಕ್ಕಲು, ಕುರಿಯ ಮನೆತನ. ಬನ್ನಿ ಹಬ್ಬ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೊರಟರೆ ಬೀಳಗಿ ಕಡೆಯ ಎರೆಹೊಲಗಳಲ್ಲಿ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ಗೊಬ್ಬರದ ಆಸೆಗೆ ಹೊಲದವರು ಹಿಂಡು ನಿಲ್ಲಿಸಿಕೊಳ್ಳುತ್ತಾರೆ, ಕಾಳು ಕೊಡುತ್ತಾರೆ. ಮುಂಗಾರು ಹಿಡಿಯುವ ತನಕ ಮನೆಯ ಮುಖ ನೋಡುವುದಿಲ್ಲ. ಹೀಗೆ ಅಡವಿಗೆ ಬಿದ್ದವರಿಗೆ ಊರಲ್ಲೊಂದು ಸುದ್ದಿ ಮನೆ ಇರುತ್ತದೆ. ಯಾರೋ ಸತ್ತರೆ, ಹಡೆದರೆ, ಲಗ್ನದ ದಿನ ಗೊತ್ತಾದರೆ, ಕೋರ್ಟಿನಿಂದ ಕರೆ ಬಂದರೆ, ಸುದ್ದಿ ಆ ಮನೆಗೆ ಬಂದು ಬೀಳುತ್ತದೆ. ಬಸ್ಸಿನ ಕಂಡಕ್ಟರನ ಕೈಯಲ್ಲಿಯೋ, ಹಾಲಿನ ಗಾಡಿಯವನ ಬಾಯಲ್ಲಿಯೋ, ಆ ದಿಕ್ಕಿಗೆ ಹೊರಟ ಇನ್ನೊಬ್ಬ ಕುರುಬನ ಕಿವಿಯಲ್ಲಿಯೋ ಹಾಕಿ ಹಿಂಡು ಇದ್ದಲ್ಲಿಗೆ ಅದನ್ನು ಮುಟ್ಟಿಸುವುದು ಆ ಮನೆಯವರ ಕೆಲಸ. ಇದಕ್ಕೆ ಕೂಲಿಯಿಲ್ಲ. ಮುಟ್ಟಿಸದೆ ಬಿಟ್ಟ ಮನೆಯ ನೀರನ್ನು ಕುರುಬರು ಮತ್ತೆ ಕುಡಿಯುವುದಿಲ್ಲ.

ಪ್ರತಿಮಾ ಸಾವಳಗಿಗೆ ಹೋದ ದಿನ ಗಿರಮಲ್ಲಪ್ಪ ಕಂಬಳಿ ಹಾಸಿ ಕೂಡ್ರು ಅಂದ. ಅವಳು ಅಂಗಳದಲ್ಲೇ ನಿಂತಳು. ತಾನು ಯಾವ ಓಣಿಯವಳು ಎಂಬುದು ಅವನಿಗೆ ಗೊತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

“ಶಿವಾಜಿ ಮಗಳಲ್ಲೇನು ನೀ? ನಿಮ್ಮಪ್ಪನ ಕೂಡ ನಾ ಒಂದ ತಾಟಿನ್ಯಾಗ ಉಂಡೇನಿ. ಕುಂಡ್ರು ತಂಗಿ, ಕಂಬಳಿ ಕಡಿಯೂದಿಲ್ಲ.”

ಕೂತಳು. ವಿಮೆ ಅಂದರೆ ಏನು, ವರ್ಷಕ್ಕೊಮ್ಮೆ ಕಂತು ಹೇಗೆ, ಅವನಿಗೇನಾದರೂ ಆದರೆ ಹೆಂಡತಿ ಮಗಳಿಗೆ ಏನು ಎಂದೆಲ್ಲ ಹೇಳಿದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗಿರಮಲ್ಲಪ್ಪ ಎಲ್ಲ ಕೇಳಿ, ಶುರುಮಾಡುವುದಾದರೆ ಬನ್ನಿ ಹಬ್ಬದ ದಿನವೇ ಮಾಡಬೇಕು, ಅದು ಒಳ್ಳೆಯ ದಿನ ಎಂದು ಹಟ ಹಿಡಿದ. ಪ್ರತಿಮಾ ಹೂಂ ಅಂದಳು. ಪ್ರತಿ ವರ್ಷ ಕಂತು ಕಟ್ಟುವ ದಿನಗಳಲ್ಲಿ ಇವರು ಊರು ಬಿಟ್ಟಿರುತ್ತಾರೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವಂತೆ ಯಾರೂ ಕಲಿಸಿರಲಿಲ್ಲ.

“ಫೋನ್ ನಂಬರ್ ಹೇಳ್ರಿ.”

“ನನ್ನ ಫೋನಂದೇನ ಕೇಳ್ತಿ, ಅದು ನನಗಿಂತ ಹೆಚ್ಚ ಮಲಗತೈತಿ. ಅಡವ್ಯಾಗ ಎಲ್ಲಿ ಚಾರ್ಜ ಮಾಡ್ಲಿ, ಟಗರಿನ ಕೋಡಿಗೇನ?”

“ಆಕಿ ಪಾಪ ಕೇಳೂದ ಕೇಳತಾಳ, ನೀ ಹೇಳೂದ ಹೇಳು,” ಎಂದು ಪದ್ಮವ್ವ ಒಳಗಿನಿಂದ ಗದರಿದಳು.

“ನಮ್ಮ ಆಫೀಸಿನ ನಂಬರ ಹಾಕ್ತೇನ್ರಿ,” ಅಂದಳು ಪ್ರತಿಮಾ. ಹಾಗೆ ಹಾಕಬೇಕೆಂದು ಮ್ಯಾನೇಜರ್ ಅಮೋಲ ಎಲ್ಲರಿಗೂ ತಾಕೀತು ಮಾಡಿದ್ದ. ಗಿರಾಕಿಯ ಕೈಗೆ ನೇರ ಸಂದೇಶ ಹೋದರೆ ನಾಳೆ ಬೇರೆಯವರು ಬಂದು ಗಿರಾಕಿಯನ್ನು ಎಳೆದುಕೊಂಡು ಹೋಗುತ್ತಾರೆ, ಗಿರಾಕಿಯೇ ದುಡ್ಡು ಹಿಂದೆ ಕೇಳುತ್ತಾನೆ, ಆದ್ದರಿಂದ ಎಲ್ಲ ಸಂದೇಶ ಕಚೇರಿಗೇ ಬರಲಿ ಎಂಬುದು ಅವನ ಲೆಕ್ಕ.

ಗಿರಮಲ್ಲಪ್ಪನ ಮುಖ ಅರಳಿತು. “ಹಂಗಾರ ನಿಮ್ಮ ಆಫೀಸ ನಮಗ ಸುದ್ದಿ ಮನಿ ಆತ ಬಿಡು. ಏ ಇಕಿ, ಕೇಳಿದೇನ? ಜಮಖಂಡ್ಯಾಗ ಗಾಜಿನ ಬಾಗಿಲದ ಸುದ್ದಿ ಮನಿ ಸಿಕ್ತ ನಮಗ.”

ಪದ್ಮವ್ವ ಮಜ್ಜಿಗೆ ತಂದು ಅವಳ ಮುಂದಿಟ್ಟಳು. “ಸುದ್ದಿ ಮನಿ ಆಗೂದು ಸಸಾರ ಅಲ್ಲ ತಂಗಿ,” ಅಂದಳು.

“ನಾವ ಅದೀವಲ್ರಿ,” ಅಂದಳು ಪ್ರತಿಮಾ. ನಕ್ಕೇ ಅಂದಳು.

ಕಚೇರಿಯಲ್ಲಿ ಕೆಲಸ ಮಾಡುವ ಇಂಥ ಸಲಹೆಗಾರರೆಲ್ಲ ವರ್ಷವರ್ಷವೂ ಇಂತಿಷ್ಟು ತಾಸು ಹೊಸದಾಗಿ ಕಲಿಯಬೇಕು, ಕಲಿತಿದ್ದಕ್ಕೆ ಹಾಜರಿ ತೋರಿಸಬೇಕು. ಇಲ್ಲದಿದ್ದರೆ ಅವರ ಪ್ರಮಾಣಪತ್ರ ಮುಂದುವರಿಯುವುದಿಲ್ಲ. ಕಾನೂನು ಬದಲಾಗುತ್ತದೆ, ಜನರ ಬಾಳು ಬದಲಾಗುತ್ತದೆ, ಜನರ ದುಡ್ಡಿಗೆ ಕೈಹಾಕುವವರು ಕಲಿಯುತ್ತಲೇ ಇರಬೇಕು ಎಂಬ ನಿಯಮ ಇದು. ಒಳ್ಳೆಯ ನಿಯಮ. ಅದಕ್ಕೆಂದೇ ವರ್ಷಕ್ಕೊಮ್ಮೆ ಸಮ್ಮೇಳನ. ಹೋದ ವರ್ಷದ್ದು ಬೆಳಗಾವಿಯ ಒಂದು ಹೋಟೆಲಿನಲ್ಲಿತ್ತು.

“ನಿರಂತರ ಶಿಕ್ಷಣ ಸಮ್ಮೇಳನಂತ,” ಎಂದು ಬಸ್ಸಿನಲ್ಲಿ ಮಾಳು ಬ್ಯಾನರು ಮಡಚುತ್ತ ಓದಿದ. ಮಾಳು ಅವಳ ಜೊತೆಯ ಸಲಹೆಗಾರ. “ಶಿಕ್ಷಣ ಒಂದ ತಾಸ, ನಿರಂತರ ಊಟ. ಅಕ್ಕಾ, ಹ್ವಾದ ಸಲ ಕೊಟ್ಟ ಬ್ಯಾಗಿನಾಗ ನಮ್ಮವ್ವ ಜ್ವಾಳ ತುಂಬ್ಯಾಳ. ಅಷ್ಟ ಕಲತಾಳ ನೋಡು ನಮ್ಮ ಮನ್ಯಾಗ.”

ಪ್ರತಿಮಾ ಮಾತ್ರ ಹೊಸ ನೋಟುಪುಸ್ತಕ ಕೊಂಡಿದ್ದಳು. ಸಭಾಂಗಣದ ಬಾಗಿಲಲ್ಲಿ ಅಮೋಲ ಅವಳನ್ನು ತಡೆದ.

“ನೀ ಒಳಗ್ಯಾಕ? ಇಲ್ಲೇ ಟೇಬಲಿಗೆ ಕುಂಡ್ರು. ಅತಿಥಿಗೋಳು ಬಂದಂಗ ಹಾರ ಕೊಡು, ಬ್ಯಾಡ್ಜ ಹಚ್ಚು. ನಮ್ಮವ್ರದೆಲ್ಲಾ ಹಾಜರಿ ಸಹಿ ನೀನ ಹಾಕ್ಬಿಡು, ನಿಂದೂ ಹಾಕ್ಕೋ. ಒಳಗ ಮಾಳು ಕುಂಡ್ರತಾನ, ಒಬ್ಬ ಇದ್ದರ ಸಾಕು.”

“ಸರ, ನನಗ ಕೇಳೂದಿತ್ತರಿ.”

“ಆಮ್ಯಾಲ ಮಾಳು ಹೇಳತಾನ ಬಿಡು.”

ಎರಡೂ ದಿನ ಅವಳು ಬಾಗಿಲಲ್ಲೇ ಇದ್ದಳು. ಕಲಿಯುವುದಕ್ಕೆಂದು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಅವಳ ಅಜ್ಜ ಶಾಲೆಯ ಬಾಗಿಲಲ್ಲಿ ನಿಂತು ಮಗ್ಗಿ ಕಲಿತಿದ್ದನಂತೆ, ಆ ಬಾಗಿಲಿಗೆ ಕದ ಇರಲಿಲ್ಲವಾದ್ದರಿಂದ. ಈ ಬಾಗಿಲಿಗೆ ದಪ್ಪ ಮೆತ್ತೆ ಹಾಕಿದ್ದರು. ಮೈಕಿನ ಗುಂಯ್ ಸದ್ದು ಬಿಟ್ಟರೆ ಏನೂ ಹೊರಗೆ ಬರಲಿಲ್ಲ. ವಿಮಾ ತಕರಾರುಗಳನ್ನು ನೋಡುವ ಕೆಲಸದಲ್ಲಿ ಆಯುಷ್ಯ ಕಳೆದ ಬಸಗೊಂಡಪ್ಪ ಎಂಬ ವಿಜಯಪುರದ ಹಿರಿಯರು ಒಳಗೆ ಮಾತಾಡಿದರು. ಹೊರಗೆ ಬಂದಾಗ ಅವರಿಗೆ ಪ್ರತಿಮಾ ಹಣ್ಣಿನ ಬುಟ್ಟಿ ಕೊಟ್ಟಳು. ಏನು ಹೇಳಿದರೆಂದು ಮಾಳುವನ್ನು ಕೇಳಿದರೆ, “ಛಲೋ ಹೇಳಿದ್ರಕ್ಕ, ಏಸಿ ಭಾಳ ತಂಪಿತ್ತ, ನಿದ್ದಿ ಹತ್ತಿಬಿಡ್ತ,” ಅಂದ.

ಅದೇ ದಿನಗಳಲ್ಲಿ ಜಮಖಂಡಿಯ ಬೀಗ ಹಾಕಿದ ಕಚೇರಿಯಲ್ಲಿ ಗಿರಮಲ್ಲಪ್ಪನ ಎರಡನೆಯ ವರ್ಷದ ಕಂತಿನ ಮೊದಲ ಸಂದೇಶ ಬಂತು. ಅವರು ಮರಳಿ ಬಂದಾಗ ಖಾನೆಯೊಳಗಿನ ಫೋನು ಆರಿ ಹೋಗಿತ್ತು. ಯಾರೋ ಚಾರ್ಜಿಗೆ ಹಚ್ಚಿದರು. ಯಾರೂ ಓದಲಿಲ್ಲ. ಉಳಿದ ಸಂದೇಶಗಳೂ ಬಂದು ಹಬ್ಬದ ಆಫರುಗಳ ಕೆಳಗೆ ಹೂತುಹೋದವು.

ಪದ್ಮವ್ವ ದಿನಕರ್ಮ ಮುಗಿಸಿಕೊಂಡು ಸಾವಳಗಿ ಬಸ್ಸಿನಲ್ಲಿ ಬಂದಳು. ಗಾಜಿನ ಬಾಗಿಲನ್ನು ದೂಡುವುದೋ ಎಳೆಯುವುದೋ ತಿಳಿಯದೆ ಹೊರಗೆ ನಿಂತಿದ್ದಳು. ಪ್ರತಿಮಾ ಎದ್ದು ಹೋಗಿ ಕರೆತಂದಳು. ಅಮೋಲ ಮರ್ಯಾದೆಯಿಂದಲೇ ಮಾತಾಡಿದ. ಚಹಾ ತರಿಸಿದ.

“ಅಕ್ಕಾರ, ಪಾಲಿಸಿ ಬಂದಾಗೈತ್ರಿ. ಈ ವರ್ಷದ ಕಂತ ಕಟ್ಟಿಲ್ಲ ನೋಡ್ರಿ.”

“ಕಟ್ಟಂತ ಯಾರ ಹೇಳಿದ್ರಿ?”

“ಕಂಪನ್ಯಾವ್ರು ಮೆಸೇಜ ಕಳಿಸ್ಯಾರ್ರಿ.”

“ಯಾರಿಗಿ?”

ಅಮೋಲ ಕಂಪ್ಯೂಟರಿನ ಕಡೆ ತಿರುಗಿದ. ಹೇಳುವವರು ಯಾರೂ ಇರಲಿಲ್ಲವಾಗಿ ಪ್ರತಿಮಾ ಹೇಳಿದಳು. “ನಮಗರಿ.”

ಪದ್ಮವ್ವ ಬೈಯಲಿಲ್ಲ. ಬೈದಿದ್ದರೆ ಪ್ರತಿಮಾಳಿಗೆ ಹಗುರಾಗುತ್ತಿತ್ತು. ಚಹಾದ ಕಪ್ಪನ್ನು ಮೇಜಿನ ಮೇಲೆ ಇಟ್ಟು, ಸೆರಗಿನಿಂದ ಅಂಗೈ ಒರೆಸಿಕೊಂಡು, ಯಾರಿಗೂ ಅಲ್ಲವೆಂಬಂತೆ ಅಂದಳು: “ಅಂವ ಆವಾಗ ಮುಧೋಳ ಸಂತ್ಯಾಗ ಟಗರ ಮಾರಿದ್ದ. ರೊಕ್ಕ ಅಂಗಿ ಕಿಸೇದಾಗ ಇತ್ತ. ಒಂದ ಮಾತ ಮುಟ್ಟಿದ್ದರ ಸಾಕಿತ್ತ.”

ಗಂಡಸಿಲ್ಲದೆ ಹಿಂಡು ಅಡವಿಗೆ ಹೋಗುವುದಿಲ್ಲ. ಕುರಿಗಳನ್ನು ಮೈದುನರು ಹಂಚಿಕೊಂಡರು. ಪದ್ಮವ್ವ ಮಗಳು ವೈಶಾಲಿಯನ್ನು ಕರೆದುಕೊಂಡು ಬನಹಟ್ಟಿಗೆ ಹೋಗಿ, ವಿದ್ಯುತ್ ಮಗ್ಗದ ಒಂದು ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದಳು. ಹುಡುಗಿ ಕಾಲೇಜು ಬಿಟ್ಟಳು. ಚೈತ್ರದಲ್ಲಿ, ಹಣ ಕೊಡಲಾಗದು ಎಂದು ಕಂಪನಿಯ ಕಾಗದ ಬಂತು. ಅದನ್ನು ಕೊಡುವುದಕ್ಕೆ ಪ್ರತಿಮಾ ಬನಹಟ್ಟಿಗೆ ಹೋದಳು. ಮಗ್ಗಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಬಯಲಲ್ಲಿ ಗಾಳಿಯ ಜೊತೆ ನಡೆದಿದ್ದ ಹೆಂಗಸು ತಗಡಿನ ಕೆಳಗೆ ಕೂತು ನೂಲಿನ ಧೂಳು ಕೆಮ್ಮುತ್ತಿದ್ದಳು. ಹೊರಗೆ ಬಂದು ಗೋಡೆಯ ನೆರಳಲ್ಲಿ ನಿಂತ ಮೇಲೆ ಕೇಳಿದಳು.

“ಬ್ಯಾರೆ ಹಾದಿ ಏನರ ಐತೇನು ತಂಗಿ? ಎಲ್ಲರ ಕೇಳಬೇಕಂದ್ರ ಎಲ್ಲಿ ಕೇಳಬೇಕು?”

“ನನಗ ಗೊತ್ತಿಲ್ರಿ.”

“ನೀ ಕಲತಾಕಿ ಅಲ್ಲ?”

ಕಲಿತವಳು ಎಂದು ಕಾಗದ ಹೇಳುತ್ತಿತ್ತು. ಬೆಳಗಾವಿಯ ಸಮ್ಮೇಳನದ ಎಲ್ಲ ತಾಸುಗಳೂ ಅವಳ ಹೆಸರಿನ ಮುಂದೆ ಜಮೆಯಾಗಿದ್ದವು. “ಕೇಳಿಕೊಂಡ ಬರ್ತೇನ್ರಿ,” ಅಂದಳು.

ಈ ವರ್ಷದ ಸಮ್ಮೇಳನ ಮುಧೋಳದಲ್ಲಿ ನಡೆಯಿತು. ತಿಮ್ಮಾಪುರದ ಕಡೆ ಹೋಗುವ ಹಾದಿಯ ಒಂದು ಹೋಟೆಲು. ಅದೇ ಬ್ಯಾನರು, ಹೊಸ ಬ್ಯಾಗು. ಎರಡನೆಯ ಗೋಷ್ಠಿಗೆ ಬಸಗೊಂಡಪ್ಪನವರ ಹೆಸರಿತ್ತು: ‘ವಿಮೆಯ ಹಣ ಕೊಡಲೊಲ್ಲೆ ಅಂದಾಗ ಕುಟುಂಬದವರಿಗಿರುವ ದಾರಿ.’ ಪ್ರತಿಮಾಳನ್ನು ಮತ್ತೆ ಬಾಗಿಲ ಟೇಬಲಿಗೆ ಹಾಕಿದ್ದರು. ಗೋಷ್ಠಿಯ ಗಂಟೆ ಬಾರಿಸಿದಾಗ ಅವಳು ಹಾರದ ತಟ್ಟೆಯನ್ನು ಎತ್ತಿ ಮಾಳುವಿನ ಕೈಗಿಟ್ಟಳು.

“ಅಕ್ಕಾ, ನಾ ಹಾರ ಹಿಡಕೊಂಡ ನಿಂತ್ರ ಅತಿಥಿಗೋಳು ಹೊಳ್ಳಿ ಓಡ್ತಾರ.”

“ಓಡ್ಲಿ.”

“ಅಮೋಲ ಸರ ಕೇಳಿದ್ರ ಏನ ಹೇಳ್ಲಿ?”

“ಒಳಗ ಅದಾಳಂತ ಹೇಳು.”

ಒಳಗೆ ಖುರ್ಚಿಗಳು ಹೆಚ್ಚು, ಜನ ಕಡಿಮೆ. ಇದ್ದವರಲ್ಲಿ ಅರ್ಧ ಜನ ಫೋನಿನಲ್ಲಿದ್ದರು. ಬಸಗೊಂಡಪ್ಪನವರು ಧೋತರದ ಮೇಲೆ ಕೋಟು ಹಾಕಿದ್ದರು. ಪರದೆಯ ಮೇಲೆ ಚಿತ್ರ ತೋರಿಸಲಿಲ್ಲ, ನಿಂತುಕೊಂಡೇ ಮಾತಾಡಿದರು.

“ನೋಡ್ರಿ, ನೀವು ಪಾಲಿಸಿ ಮಾಡಿಸೂ ಮುಂದ ಆ ಮನ್ಯಾಗ ರೊಕ್ಕ ಯಾವ ತಿಂಗಳ ಬರತೈತಿ ಅಂತ ಕೇಳ್ರಿ. ಆ ತಿಂಗಳ ಅವ್ರು ಊರಾಗ ಇರತಾರೋ ಇಲ್ಲೋ ಕೇಳ್ರಿ. ಒಳ್ಳೇ ದಿನ ಅಂತ ದಸರಾಕ್ಕ ಶುರು ಮಾಡ್ತೀರಿ, ದಸರಾಕ್ಕ ಅಂವ ಗುಳೇ ಹೊಂಟಿರತಾನ. ಎರಡನೇ ಮಾತು. ಗಿರಾಕಿ ನಂಬರ ಹಾಕೂದು ಬಿಟ್ಟು ನಿಮ್ಮ ನಂಬರ ಹಾಕ್ತೀರಿ. ನಗಬ್ಯಾಡ್ರಿ, ಹಾಕ್ತೀರಿ, ನನಗ ಗೊತ್ತೈತಿ. ಅವನ ಮನೀ ಬಾಗಲಕ್ಕ ನಿಮ್ಮ ಕೀಲಿ ಹಾಕಿದಂಗ ಅದು. ಇವತ್ತ ಹೊಳ್ಳಿ ಹೋದ ಕೂಡ್ಲೇ ತಗೀರಿ. ಅವನ ಹತ್ರ ಫೋನಿಲ್ಲಂದ್ರ ಹೆಂಡತೀದು ಹಾಕ್ರಿ, ಮಗಳದು ಹಾಕ್ರಿ, ಊರಾಗ ಅವ್ರು ನಂಬಿದವ್ರದು ಹಾಕ್ರಿ.”

ಪ್ರತಿಮಾ ಬರೆದುಕೊಳ್ಳಲಿಲ್ಲ. ಬೆಳಗಾವಿಯಲ್ಲಿ ಒಂದು ಬಾಗಿಲಿನ ಆಚೆ ಈ ಮಾತುಗಳಿದ್ದವು, ಈಚೆ ಅವಳು ಹಾರ ಹಿಡಿದುಕೊಂಡಿದ್ದಳು. ಅವತ್ತು ಇಷ್ಟು ಕಿವಿಗೆ ಬಿದ್ದಿದ್ದರೆ ಅವತ್ತೇ ರಾತ್ರಿ ಸಾವಳಗಿಗೆ ಫೋನು ಮಾಡುತ್ತಿದ್ದಳು. ವೈಶಾಲಿಯ ಹತ್ತಿರ ಫೋನಿತ್ತು.

ಪ್ರಶ್ನೆ ಕೇಳುವವರು ಕೇಳಬಹುದು ಅಂದಾಗ ಎದ್ದು ನಿಂತಳು.

“ಸರ, ಕಂತು ಕಟ್ಟಂತ ಕಳಿಸಿದ ಸಂದೇಶ ಗಿರಾಕಿಗಿ ಮುಟ್ಟಲೇ ಇಲ್ಲ, ಆಫೀಸಿನವ್ರ ಫೋನಿಗೆ ಬಂದು ಅಲ್ಲೇ ಉಳೀತು, ಆಮ್ಯಾಲ ಗಿರಾಕಿ ತೀರಿಕೊಂಡ್ರು ಅಂದ್ರ, ಅವ್ರ ಹೆಂಡತಿಗಿ ಹಾದಿ ಐತೇನ್ರಿ?”

“ಕಂಪನಿ ಒಲ್ಲೆ ಅಂತ ಬರದು ಕೊಟ್ಟು ವರ್ಷ ಆಗೈತೇನು?”

“ಇಲ್ರಿ. ಚೈತ್ರಕ್ಕ ಆಗತೈತಿ.”

“ಹಂಗಾರ ವಿಮಾ ಲೋಕಪಾಲರ ಕಡೆ ದೂರು ಕೊಡ್ರಿ. ವಕೀಲ ಬೇಕಿಲ್ಲ, ಫೀಜು ಇಲ್ಲ. ಆಕಿ ಕನ್ನಡದಾಗ ಬರದ್ರೂ ನಡೀತೈತಿ. ಸಿಗತೈತಿ ಅಂತ ನಾ ಹೇಳೂದಿಲ್ಲ, ಸುಳ್ಳ ಆಸೆ ಹಚ್ಚಬಾರದು. ಆದ್ರ ಆ ನಂಬರ ಗಿರಾಕಿದಲ್ಲ, ನಮ್ಮದು, ನಾವು ಹಾಕಿದ್ದು, ನಾವು ಮುಟ್ಟಿಸಲಿಲ್ಲ ಅಂತ ಆಫೀಸಿನವ್ರೊಬ್ಬರು ಬರದು ಕೊಟ್ರ ಆಕಿ ಮಾತಿಗೆ ಕಾಲು ಬರತಾವು. ಇಲ್ಲಂದ್ರ ಕುಂಟತೈತಿ.” ಅವರು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. “ಹ್ವಾದ ವರ್ಷ ಬೆಳಗಾವ್ಯಾಗೂ ಇದನ್ನ ಹೇಳಿದ್ನೆಲ್ಲ ತಂಗಿ, ನೀವು ಬಂದಿದ್ದಿಲ್ಲೇನು?”

“ಸಹಿ ಬಂದಿತ್ತರಿ. ನಾ ಬಂದಿದ್ದಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಸಗೊಂಡಪ್ಪನವರು ನಗಲಿಲ್ಲ.

ಊಟದ ಹೊತ್ತಿಗೆ ಅಮೋಲ ಅವಳನ್ನು ಮೆಟ್ಟಿಲ ಕೆಳಗೆ ಕರೆದ. ಸಿಟ್ಟಿನಲ್ಲಿರಲಿಲ್ಲ. ಸಮ್ಮೇಳನದಲ್ಲಿ ಕೊಟ್ಟ ಹಾಳೆಯ ಮೇಲೆ ಆಗಲೇ ಏನೋ ಬರೆದುಕೊಂಡು ಬಂದಿದ್ದ.

“ನಾಕ ಊರಿನವ್ರ ಮುಂದ ನಮ್ಮ ಆಫೀಸಿನ ಮಾನ ಕಳದಿ. ಇರ್ಲಿ. ಇದನ್ನ ಓದಿ ಸಹಿ ಮಾಡು.”

ಓದಿದಳು. ಗಿರಾಕಿಯು ತನ್ನ ಸ್ವಂತ ಇಚ್ಛೆಯಿಂದ ಕಚೇರಿಯ ನಂಬರನ್ನು ಹಾಕಿಸಿಕೊಂಡಿದ್ದು, ಕಂತಿನ ವಿಷಯವನ್ನು ಅವನಿಗೆ ಬಾಯಿಮಾತಿನಲ್ಲಿ ತಿಳಿಸಲಾಗಿತ್ತು ಎಂದಿತ್ತು.

“ತಿಳಿಸಿದ್ದಿಲ್ರಿ.”

“ಅದನ್ನ ಬಿಡು, ಹೊಡದ ಹಾಕೂನು. ಮೊದಲಿನ ಮಾತ ಹೇಳು. ನಮ್ಮ ನಂಬರ ಹಾಕ್ತೇವಿ ಅಂದ್ರ ಅಂವ ಹೂಂ ಅಂದಿದ್ದಿಲ್ಲ? ಖುಷಿಯಾಗಿ ಅಂದಿದ್ದ ಅಂತ ನೀನ ಬಂದು ಹೇಳಿದ್ದಿ.”

“ಅಂದಿದ್ರಿ.”

“ಮತ್ತ ಸುಳ್ಳ ಏನೈತಿ ಇದರಾಗ?”

ಪ್ರತಿಮಾ ಹಾಳೆಯನ್ನೇ ನೋಡುತ್ತ ಹೇಳಿದಳು. “ಸುದ್ದಿ ಮುಟ್ಟಸ್ತಾರಂತ ತಿಳದು ಅವ್ರು ಹೂಂ ಅಂದ್ರಿ. ಮುಟ್ಟಬಾರದಂತ ನಾವು ಹಾಕಿದ್ವಿ. ಎರಡೂ ಒಂದ ಅಲ್ರಿ.”

ಅಮೋಲ ಮೂಗಿನ ಮೇಲಿನ ಬೆವರು ಒರೆಸಿಕೊಂಡ. ದನಿ ಇಳಿಸಿ, ತಂಗಿಗೆ ಬುದ್ಧಿ ಹೇಳುವವನ ಹಾಗೆ ಮಾತಾಡಿದ. “ಪ್ರತಿಮಾ, ಕೇಳಿಲ್ಲಿ. ಆಕಿಗೆ ರೊಕ್ಕ ಬರತೈತಿ ಅಂತ ಆ ಮುದುಕನೂ ಹೇಳಿಲ್ಲ. ಬರೂದಿಲ್ಲ. ನಿನ್ನ ಕೆಲಸ ಮಾತ್ರ ಹೋಗತೈತಿ. ಸುಳ್ಳ ಹಾಜರಿ ಹಾಕಿದಾಕಿ ನೀನ, ಅದರ ಮ್ಯಾಲ ನಿನ್ನ ಸರ್ಟಿಫಿಕೇಟ ಹೋಗತೈತಿ. ನಿಮ್ಮಪ್ಪ ಕಾಲ ಹಿಡದು ಕೆಲಸ ಕೇಳಿಕೊಂಡ ಬಂದಿದ್ದ, ಮರತಿ? ನಿಮ್ಮ ಓಣ್ಯಾಗ ಮತ್ತ ಯಾರಿಗರ ಇಂಥಾ ಖುರ್ಚಿ ಸಿಕ್ಕೈತೇನು? ಕಾವೇರಿ ಫೀಜು ಯಾರ ಕಟ್ಟತಾರ?”

ಅವನು ಹೇಳಿದ್ದೆಲ್ಲ ಆಗುವಂಥದೇ. ಕೆಲಸ ಹೋಗುತ್ತದೆ. ಕಾವೇರಿಯ ಕೊನೆಯ ವರ್ಷ ಬಾಕಿ ಇದೆ. ಪದ್ಮವ್ವನಿಗೆ ದುಡ್ಡು ಬರುತ್ತದೆ ಎಂಬ ಭರವಸೆಯಿಲ್ಲ, ಬಂದರೂ ಗಿರಮಲ್ಲಪ್ಪ ಬರುವುದಿಲ್ಲ, ಹಂಚಿಹೋದ ಹಿಂಡು ಕೂಡುವುದಿಲ್ಲ. ಇಷ್ಟೂ ತಿಳಿದೇ ನಿಂತಿದ್ದಳು. ಮೇಲೆ ತಾಟುಗಳ ಸದ್ದು, ಯಾರೋ ಹೋಳಿಗೆ ಇನ್ನೊಂದು ಹಾಕ್ರಿ ಎನ್ನುವ ದನಿ.

ಅಮೋಲ ಪೆನ್ನಿನ ಟೊಪ್ಪಿಗೆ ತೆಗೆದು ಅವಳ ಕೈಯ ಹತ್ತಿರ ಹಿಡಿದ.

“ಹಾಕು. ಹಾಕಿ ಹೋಗಿ ಉಣ್ಣು. ಮಧ್ಯಾನದ ಗೋಷ್ಠಿಗೆ ಹೊರಗಿನ ಟೇಬಲ ನೋಡ್ಕೋ, ನಾ ಎಲ್ಲಾ ಮರತೇನಿ ಅಂತ ತಿಳಕೋ.”

ಪ್ರತಿಮಾ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. ಅಳುತ್ತಿದ್ದಳು, ಮುಖ ಮುಚ್ಚಿಕೊಳ್ಳಲಿಲ್ಲ.

“ಒಲ್ಲೆರಿ,” ಅಂದಳು. “ಸಹಿನೂ ಒಲ್ಲೆ, ಟೇಬಲೂ ಒಲ್ಲೆ.”